ಬಯಲುಸೀಮೆಯ ಈರುಳ್ಳಿಗೆ ಕಡಲ ದಾರಿ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಾಲ್ಕು ಊರುಗಳನ್ನೂ ಒಂದಾದ ಮೇಲೊಂದರಂತೆ ಹಾದು ಮೂಡಣ ದಿಕ್ಕಿಗೆ ಸಾಗುವ ಹೆದ್ದಾರಿಗೆ ಹಿಂದೆ 234 ಎಂಬ ಅಂಕವಿದ್ದಿತು. ಮಂಗಳೂರಿನಲ್ಲಿ ಮೊದಲಾಗಿ ತಮಿಳುನಾಡಿನ ವಿಲ್ಲುಪುರದಲ್ಲಿ ಮುಗಿಯುತ್ತಿದ್ದ ಆ ಮಾರ್ಗದ ಈ ಭಾಗವು, ದೇಶದ ಹೆದ್ದಾರಿಗಳಿಗೆಲ್ಲ ಹೊಸ ಅಂಕಗಳನ್ನು ಕೊಟ್ಟ ತರುವಾಯ, ಹೊನ್ನಾವರದಿಂದ ಚಿತ್ತೂರಿಗೆ ಹೋಗುವ 69ನೆಯ ಹೆದ್ದಾರಿಯೊಳಗೆ ಸೇರಿಹೋಯಿತು. ಅಂಕ ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ: ಪಶ್ಚಿಮದ ತುದಿಯಲ್ಲಿ ಸಮುದ್ರವನ್ನು ಮುಟ್ಟುವ ಈ ದಾರಿಯಲ್ಲಿ, ಸಮುದ್ರವನ್ನು ದಾಟಬೇಕಾದ ಸರಕನ್ನು ಹೊತ್ತ ಲಾರಿಗಳು ಮುಖಮಾಡುವುದು ಪೂರ್ವಕ್ಕೆ, ಚೆನ್ನೈಯ ಕಡೆಗೆ.

ಈ ಸೀಮೆಯ ಉತ್ಪನ್ನಗಳೆಲ್ಲ ಹಡಗನ್ನೇ ನೆಚ್ಚಿಕೊಂಡಿರುವುವೆಂದಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ಬಹುಮಟ್ಟಿಗೆ ಆ ಊರಿನ ನೂಲು ಬಿಚ್ಚುವ ಮನೆಗಳಲ್ಲಿಯೇ ನೂಲಾಗುತ್ತದೆ. ಚಿಂತಾಮಣಿಯ ಟೊಮೇಟೊ ಕ್ರೇಟುಗಳಲ್ಲಿ ಕುಳಿತು ನೆರೆರಾಜ್ಯಗಳ ಪೇಟೆಗಳನ್ನು ಸೇರುತ್ತದೆ. ಚಿಕ್ಕಬಳ್ಳಾಪುರದ ಗುಲಾಬಿ ಹೂವಿಗೆ 2008ರಿಂದ ದೇವನಹಳ್ಳಿಯ ವಿಮಾನ ನಿಲ್ದಾಣವೇ ನೆರೆಮನೆ. ಹಡಗಿನ ಹೊರತು ಗತಿಯಿಲ್ಲವೆನ್ನಿಸಿಕೊಂಡಿರುವ ಬೆಳೆಯೆಂದರೆ ಗುಲಾಬಿ ಈರುಳ್ಳಿ; ಮಂಡಿಯವರ ಬಾಯಲ್ಲಿ ರೋಸ್ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಮುಂತಾದ ಜಿಲ್ಲೆಗಳಲ್ಲಿ ಬೆಳೆಯುವ ಈ ಗೆಡ್ಡೆಯು ಗಾತ್ರದಲ್ಲಿ ಕಿರಿದು, ಬುಡದಲ್ಲಿ ಚಪ್ಪಟೆ, ವರ್ಣದಲ್ಲಿ ಕಡುಗೆಂಪು, ಘಾಟಿನಲ್ಲಿ ಮಾತ್ರ ಯಾವ ದಪ್ಪ ಈರುಳ್ಳಿಗೂ ಸೋಲದು. 'ಬೆಂಗಳೂರು ರೋಸ್ ಈರುಳ್ಳಿ' ಎಂಬ ಹೆಸರಿನಲ್ಲಿ 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ವಿಚಿತ್ರವೆಂದರೆ, ಇದನ್ನು ಬೆಳೆಯುವ ನಾಡಿನಲ್ಲಿ ಇದನ್ನು ತಿನ್ನುವವರು ವಿರಳ. ನಮ್ಮ ಹುಳಿಗೂ ಪಲ್ಯಕ್ಕೂ ದಪ್ಪ ಈರುಳ್ಳಿಯೇ ಆಗಬೇಕು. ಇದಕ್ಕೆ ಆದರವಿರುವುದು ಮಲೇಷ್ಯ, ಸಿಂಗಪುರ, ಇಂಡೋನೇಷ್ಯ, ಶ್ರೀಲಂಕಾ ಮೊದಲಾದ ದೇಶಗಳ ಅಡುಗೆಮನೆಗಳಲ್ಲಿ. ಆದಕಾರಣ ಬಂದರಿನ ಬಾಗಿಲು ಮುಚ್ಚಿದ ದಿನ ಇದರ ಬೆಲೆ ಹೊಲದಲ್ಲಿಯೇ ಮಲಗಿಬಿಡುತ್ತದೆ.

ಕಡಲಿಲ್ಲದ ನಾಡಿನ ಈ ಕೊರತೆಯನ್ನು ಮೊದಲು ಆಳವಾಗಿ ಚಿಂತಿಸಿದವರಲ್ಲೊಬ್ಬರು ಇದೇ ಸೀಮೆಯವರು ಎಂಬುದನ್ನು ಇಲ್ಲಿ ನೆನೆಯಬಹುದು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ, ಸಂಸ್ಥಾನಕ್ಕೆ ಸ್ವಂತವಾದ ಬಂದರೊಂದು ಇಲ್ಲದಿದ್ದರೆ ಅದರ ಕೈಗಾರಿಕೆಗೂ ಕೃಷಿಗೂ ಅಭ್ಯುದಯವಿಲ್ಲವೆಂದು ಬಗೆದು, ಭಟ್ಕಳದಲ್ಲಿ ಬಂದರನ್ನು ಕಟ್ಟಿ ಅರಸೀಕೆರೆಯಿಂದ ಅಲ್ಲಿಗೆ ರೈಲುಮಾರ್ಗವನ್ನು ಹಾಕಿಸಬೇಕೆಂದು ಯೋಜಿಸಿದರು. ಭಟ್ಕಳವು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು, ಯೋಜನೆ ಕೈಗೂಡಲಿಲ್ಲ. 1956ರಲ್ಲಿ ಕನ್ನಡನಾಡು ಒಂದಾಗಿ ತೀರಪ್ರದೇಶವು ನಮ್ಮದಾಯಿತು. 1974ರಲ್ಲಿ ನವಮಂಗಳೂರು ಪ್ರಧಾನ ಬಂದರೆಂದು ಘೋಷಿತವಾಯಿತು. ಆದರೂ ಬಯಲುಸೀಮೆಯ ಈರುಳ್ಳಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಮಂಗಳೂರಿಗೆ ಹೋಗಬೇಕಾದರೆ ಮಳೆಗಾಲದಲ್ಲಿ ಕುಸಿಯುವ ಘಾಟಿಗಳನ್ನು ಇಳಿಯಬೇಕು. ಅಲ್ಲಿಂದ ಹೊರಟ ಹಡಗು ಮಲಯದ ಕಡೆಗೆ ತಿರುಗಬೇಕಾದರೆ ಶ್ರೀಲಂಕೆಯನ್ನು ಬಳಸಿ ಬರಬೇಕು. ಚಿಂತಾಮಣಿಯಿಂದ ಚೆನ್ನೈಗಾದರೋ ಸುಮಾರು 300 ಕಿಲೋಮೀಟರು. ಸಂಜೆ ಹೊರಟ ಲಾರಿ ಬೆಳಗಿನ ಹೊತ್ತಿಗೆ ಆ ಪಟ್ಟಣದ ಅಂಚನ್ನು ಮುಟ್ಟಬಲ್ಲುದು.

ರೈಲಿದೆಯಲ್ಲವೇ ಎಂದು ಯಾರಾದರೂ ಕೇಳಿಯಾರು. ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ನಡುವೆ ಬಹುಕಾಲ ಓಡಿದ ನ್ಯಾರೋಗೇಜ್ ಹಳಿಯು 2013ರಲ್ಲಿ ಬ್ರಾಡ್‌ಗೇಜಾಗಿ ಮತ್ತೆ ತೆರೆಯಿತು. ವೈಟ್‌ಫೀಲ್ಡಿನ ಒಳನಾಡ ಕಂಟೈನರ್ ಡಿಪೋದಿಂದ ಚೆನ್ನೈಗೆ ಕಂಟೈನರ್ ರೈಲುಗಳೂ ಹೋಗುತ್ತವೆ. ಆದರೆ ರೈಲಿಗೆ ಬೇಕಾದುದು ಒಂದೇ ಕಡೆ, ಒಂದೇ ಗಳಿಗೆಯಲ್ಲಿ ರಾಶಿಬಿದ್ದ ಸರಕು. ಈರುಳ್ಳಿಯಾದರೋ ಈ ಹಳ್ಳಿಯಲ್ಲಿ ನಲವತ್ತು ಚೀಲ, ಆ ಹಳ್ಳಿಯಲ್ಲಿ ಅರುವತ್ತು ಚೀಲವೆಂದು ಕೂಡುತ್ತ ಹೋಗತಕ್ಕ ಪದಾರ್ಥ. ಹೊಲದ ಬದುವಿನವರೆಗೂ ಬರಬಲ್ಲ ವಾಹನವೇ ಅದಕ್ಕೆ ತಕ್ಕುದು.

ಲೋಡು ಹಾಕುವ ಕೆಲಸವನ್ನು ಹತ್ತಿರ ನಿಂತು ನೋಡಿದವರಿಗೆ ಅದು ಕೇವಲ ಚೀಲಗಳನ್ನು ಎತ್ತಿ ಒಗೆಯುವ ಕೆಲಸವಲ್ಲವೆಂದು ತಿಳಿಯುತ್ತದೆ. ಕಿತ್ತ ಗೆಡ್ಡೆಯ ಸೊಪ್ಪನ್ನು ಕೊಯ್ದು, ನೆರಳಿನಲ್ಲಿ ಆರಹಾಕಿ, ಹೆಣ್ಣಾಳುಗಳು ಕುಕ್ಕರಗಾಲಿನಲ್ಲಿ ಕುಳಿತು ದಪ್ಪ, ನಡುತರ, ಸಣ್ಣ ಎಂದು ಬೇರ್ಪಡಿಸಿದ ಮೇಲೆ ಅದನ್ನು ಜಾಲರಿ ಚೀಲಗಳಿಗೆ ತುಂಬುತ್ತಾರೆ. ಕಿತ್ತ ಮೇಲೂ ಈರುಳ್ಳಿ ಉಸಿರಾಡುತ್ತದೆ. ಉಸಿರಾಡಿದಷ್ಟೂ ಬಿಸಿಯನ್ನೂ ತೇವವನ್ನೂ ಹೊರಬಿಡುತ್ತದೆ. ಆದುದರಿಂದ ಅನುಭವಿಯಾದ ಹಮಾಲಿಯು ಸಾಲುಸಾಲಿನ ನಡುವೆ ಗಾಳಿಯಾಡಲು ಸಂದು ಬಿಡುತ್ತಾನೆ. ಟಾರ್ಪಾಲನ್ನು ನೆತ್ತಿಯ ಮೇಲೆ ಮಾತ್ರ ಬಿಗಿದು ಪಕ್ಕಗಳನ್ನು ತೆರೆದಿಡುತ್ತಾನೆ. ತಳದಲ್ಲಿ ಒಂದು ಚೀಲ ಒದ್ದೆಯಾಗಿದ್ದರೆ ಅದರ ಕೊಳೆ ಮೇಲಿನ ಚೀಲಗಳಿಗೂ ಏರುತ್ತದೆ. ವೇಬ್ರಿಡ್ಜಿನ ಚೀಟಿ, ಟ್ರಾನ್ಸ್‌ಪೋರ್ಟ್ ಆಫೀಸಿನ ಬಿಲ್ಟಿ, ಬಾಡಿಗೆಯ ಅಡ್ವಾನ್ಸು ಇವಿಷ್ಟು ಡ್ರೈವರನ ಕೈ ಸೇರಿದ ಮೇಲೆ ಗಾಡಿ ಹೊರಡುತ್ತದೆ. ಮೂರು ಆಕ್ಸಲಿನ, ಹತ್ತು ಚಕ್ರದ ಲಾರಿ ತನ್ನ ಸ್ವಂತ ತೂಕವೂ ಸೇರಿ 25 ಟನ್ನನ್ನು ಮೀರಬಾರದೆಂದಿದ್ದ ಮಿತಿಯನ್ನು 2018ರಲ್ಲಿ 28.5 ಟನ್ನಿಗೆ ಏರಿಸಿದರು.

ಶ್ರೀನಿವಾಸಪುರ, ಮುಳಬಾಗಿಲುಗಳನ್ನು ದಾಟಿ ನಂಗಲಿಯ ಬಳಿ ಕರ್ನಾಟಕವನ್ನು ಬಿಟ್ಟು, ಪಲಮನೇರಿನ ಮುಂದೆ ಮೊಗಿಲಿ ಘಾಟಿಯನ್ನು ಇಳಿದು, ಚಿತ್ತೂರು, ರಾಣಿಪೇಟೆ, ಶ್ರೀಪೆರುಂಬುದೂರುಗಳ ಮೂಲಕ ಈ ಲಾರಿಯು ಒಂದೇ ರಾತ್ರಿಯಲ್ಲಿ ಮೂರು ರಾಜ್ಯಗಳನ್ನು ಕಾಣುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಗಡಿಯ ತೆರಿಗೆ ತಪಾಸಣೆ ನಿಂತಿತು. ಘಾಟಿಯ ಇಳಿಜಾರಿನಲ್ಲಿ ಗೇರು ಬಿಡಿಸಿ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಹರಿಯಬಿಟ್ಟರೆ ನಾಲ್ಕು ಕಾಸಿನ ಡೀಸೆಲ್ ಉಳಿಯುವುದೆಂಬ ಆಸೆ ಕೆಲವು ಡ್ರೈವರುಗಳಿಗೆ ಉಂಟು. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು, ಹಿಡಿತ ತಪ್ಪುತ್ತದೆ. ಹಳೆಯ ಕೈಗಳು ಹತ್ತುವಾಗ ಹಾಕುವ ಗೇರಿನಲ್ಲಿಯೇ ಇಳಿಯುತ್ತವೆ.

ಬಾಡಿಗೆಯ ಲೆಕ್ಕವು ಹೋಗುವ ದಾರಿಯಲ್ಲಿ ಮುಗಿಯುವುದಿಲ್ಲ. ಚೆನ್ನೈಯಲ್ಲಿ ರಿಟರ್ನ್ ಲೋಡು ಸಿಕ್ಕಿದರೆ ಲಾರಿಯ ಮಾಲೀಕನಿಗೆ ಲಾಭ. ಸಿಕ್ಕದಿದ್ದರೆ ಖಾಲಿ ಬರುವ ಗಾಡಿಯ ಡೀಸೆಲು, ಟೋಲು, ಡ್ರೈವರನ ಬಾಟಾ ಎಲ್ಲವೂ ಹೋದ ಈರುಳ್ಳಿಯ ಮೇಲೆಯೇ ಬೀಳುತ್ತವೆ. ಚೆನ್ನೈಯಿಂದ ಖಾಲಿ ಕಂಟೈನರನ್ನು ಟ್ರೈಲರಿನ ಮೇಲೆ ತರಿಸಿ ಇಲ್ಲಿಯೇ ತುಂಬಿ ಕಳುಹಿಸಿದರೆ ಸರಕಿಗೆ ಕೈ ಸೋಂಕುವುದು ಕಡಿಮೆಯೇನೋ ಹೌದು, ಆದರೆ ಒಂದು ದಿಕ್ಕಿನ ಖಾಲಿ ಪಯಣಕ್ಕೆ ದುಡ್ಡು ತೆರುವುದು ಅನಿವಾರ್ಯವಾಗುತ್ತದೆ. ಹಾಗಲ್ಲದೆ ಲಾರಿಯಲ್ಲಿ ಕಳುಹಿಸಿದರೆ, ಬಂದರಿನ ಹೊರಗಿನ ಕಂಟೈನರ್ ಫ್ರೈಟ್ ಸ್ಟೇಷನ್ನಿನಲ್ಲಿ ಚೀಲಗಳನ್ನೆಲ್ಲ ಇಳಿಸಿ ಮತ್ತೆ ಪೆಟ್ಟಿಗೆಗೆ ತುಂಬಬೇಕು. ಈ ಉಕ್ಕಿನ ಪೆಟ್ಟಿಗೆಯ ವ್ಯಾಪಾರವನ್ನು ಲೋಕದಲ್ಲಿ ಬೆಳೆಸಿದವನೂ ಮೂಲತಃ ಒಬ್ಬ ಲಾರಿ ಮಾಲೀಕನೇ: ಅಮೆರಿಕದ ಮಾಲ್ಕಂ ಮೆಕ್ಲೀನನು 1956ರಲ್ಲಿ 58 ಪೆಟ್ಟಿಗೆಗಳನ್ನು ಒಂದೇ ಹಡಗಿನಲ್ಲಿ ಸಾಗಿಸಿ ತೋರಿಸಿದ. ಚೆನ್ನೈಯ ಕಂಟೈನರ್ ಟರ್ಮಿನಲ್ ಆರಂಭವಾದುದು 1983ರಲ್ಲಿ. ಬಂದರಿನ ಗೇಟಿನ ಮುಂದೆ ಟ್ರೈಲರುಗಳ ಸಾಲು ನಿಲ್ಲುವುದು ಅಲ್ಲಿ ಹೊಸ ಸಂಗತಿಯಲ್ಲ. ಮಧುರವಾಯಿಲಿನಿಂದ ಬಂದರಿಗೆ ಮೇಲ್ರಸ್ತೆಯೊಂದನ್ನು ಕಟ್ಟಲು ಹೊರಟ ಕೆಲಸವು 2012ರಲ್ಲಿ ನಿಂತುಹೋಗಿ, 2022ರಲ್ಲಿ ಅದಕ್ಕೆ ಪುನಃ ಶಂಕುಸ್ಥಾಪನೆಯಾಯಿತು. ಅದೇ ದಿನ ಬೆಂಗಳೂರು–ಚೆನ್ನೈ ನಡುವಣ 262 ಕಿಲೋಮೀಟರಿನ ಎಕ್ಸ್‌ಪ್ರೆಸ್ ಮಾರ್ಗಕ್ಕೂ ಅಡಿಗಲ್ಲನ್ನು ಇಟ್ಟರು.

ಕೆಲವು ಗಂಟೆಗಳ ಉಳಿತಾಯಕ್ಕಾಗಿ ಇಷ್ಟೆಲ್ಲ ವೆಚ್ಚಮಾಡುವ ಸರಕಾರವೇ, ಒಂದು ಕಾಗದದ ಮೂಲಕ ವಾರಗಟ್ಟಲೆ ಲಾರಿಗಳನ್ನು ನಿಲ್ಲಿಸಿಬಿಡುವುದನ್ನು ಏನೆನ್ನಬೇಕು? ಉತ್ತರದ ಪಟ್ಟಣಗಳಲ್ಲಿ ದಪ್ಪ ಈರುಳ್ಳಿಯ ಬೆಲೆ ಏರಿದಾಗ ಕೇಂದ್ರವು ಈರುಳ್ಳಿಯ ರಫ್ತನ್ನು ನಿಷೇಧಿಸುತ್ತದೆ ಅಥವಾ ಅದಕ್ಕೆ ಸುಂಕ ಹಾಕುತ್ತದೆ. ಅಲ್ಲಿ ಯಾರೂ ತಿನ್ನದ ಗುಲಾಬಿ ಈರುಳ್ಳಿಯೂ ಆ ಆಜ್ಞೆಯೊಳಗೆ ಸಿಕ್ಕಿಬೀಳುತ್ತದೆ. 2019ರ ಸೆಪ್ಟೆಂಬರ್ 29ರಂದು ನಿಷೇಧ ಬಂತು. ಅಕ್ಟೋಬರ್ 28ರಂದು ಗುಲಾಬಿ ಈರುಳ್ಳಿಯ 9,000 ಟನ್ನುಗಳನ್ನು ಚೆನ್ನೈ ಬಂದರಿನಿಂದ ಮಾತ್ರ, ನವೆಂಬರ್ ಮುಗಿಯುವುದರೊಳಗೆ ಕಳುಹಿಸಬಹುದೆಂದು ಅಪ್ಪಣೆಯಾಯಿತು. ಪೆಟ್ಟಿಗೆಗೆ 25 ಟನ್ ಎಂದಿಟ್ಟುಕೊಂಡರೂ ಅದು 360 ಕಂಟೈನರುಗಳ ಮಾತು. 2020ರಲ್ಲಿ ಸೆಪ್ಟೆಂಬರ್ 14ರಂದು ನಿಷೇಧ, ಅಕ್ಟೋಬರ್ 9ರಂದು 10,000 ಟನ್ನಿಗೆ ಅನುಮತಿ. 2023ರ ಆಗಸ್ಟ್ 19ರಂದು ಶೇಕಡ 40ರ ಸುಂಕ, ಸೆಪ್ಟೆಂಬರ್ 29ರಂದು ಗುಲಾಬಿ ಈರುಳ್ಳಿಗೆ ವಿನಾಯಿತಿ. ಆ ವರ್ಷದ ಡಿಸೆಂಬರಿನಲ್ಲಿ ಬಂದ ನಿಷೇಧವು 2024ರ ಮೇ 4ರಂದು ತೆರವಾದಾಗ ಮತ್ತೆ ಅದೇ ಸುಂಕ, ಮೇ 29ರಂದು ಮತ್ತೆ ಅದೇ ವಿನಾಯಿತಿ. ಪ್ರತಿಸಲವೂ ನ್ಯಾಯ ದೊರೆಯಿತು, ಪ್ರತಿಸಲವೂ ತಡವಾಗಿ. ಅಷ್ಟರಲ್ಲಿ ಕಿತ್ತ ಬೆಳೆ ಮೊಳೆತೋ ಕೊಳೆತೋ ಹೋಗಿರುತ್ತದೆ.

ಸುಂಕವು 2025ರ ಏಪ್ರಿಲ್ 1ರಿಂದ ಪೂರ್ತಿಯಾಗಿ ರದ್ದಾಗಿದೆ. ಮುಂದೊಮ್ಮೆ ನಿಷೇಧವು ಅನಿವಾರ್ಯವೆಂದು ತೋರಿದಲ್ಲಿ, ಗುಲಾಬಿ ಈರುಳ್ಳಿಗೆ ವಿನಾಯಿತಿಯೆಂಬ ಒಂದು ವಾಕ್ಯವನ್ನು ಆ ಮೊದಲ ಆಜ್ಞೆಯಲ್ಲಿಯೇ ಸೇರಿಸಬೇಕು. ಅದಕ್ಕಾಗಿ ರಾಜ್ಯದ ತೋಟಗಾರಿಕೆ ಇಲಾಖೆ ಕೊಡುವ ಪ್ರಮಾಣಪತ್ರವು ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಕಚೇರಿಗಳಲ್ಲಿಯೇ ಲೋಡು ಹಾಕುವ ದಿನ ಸಿಕ್ಕುವಂತಾಗಬೇಕು. ಈ ಸೀಮೆಯ ಶಾಸಕರೂ ಸಂಸದರೂ ಇದನ್ನು ಬೆಳೆ ನೆಲದಲ್ಲಿರುವಾಗಲೇ ದೆಹಲಿಯಲ್ಲಿ ಕೇಳಿ ಬರೆಯಿಸಿಕೊಳ್ಳಲಿ.