ಒಗ್ಗರಣೆ ಸೌಟಿನ ಪಕ್ಕ ಸೋಲ್ಡರಿಂಗ್ ಐರನ್

ಆಂಪ್ಲಿಫೈಯರ್ ಕಟ್ಟೋದು ಗಂಡುಹುಡುಗರ ಕೆಲಸ ಅಂದುಕೊಂಡಿದ್ದೀರಾ? ಒಬ್ಬಟ್ಟು ತಟ್ಟುವ ತಾಳ್ಮೆ ಇದ್ದರೆ ಇದೂ ಬರುತ್ತೆ, ಬನ್ನಿ.

ಬೇಕಾಗುವ ಸಾಮಾನು: ಎಲ್‌ಎಂ 3886 ಐಸಿ ಎರಡು, 20-0-20 ವೋಲ್ಟಿನ 5 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, ಫ್ಯೂಸು, ದೊಡ್ಡ ಹೀಟ್‌ಸಿಂಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಅಂಗಡಿಗಳು ಸಾಲುಸಾಲಾಗಿವೆ.

ರೆಕ್ಟಿಫೈಯರ್ ದಾಟಿದ ಮೇಲೆ 20 ವೋಲ್ಟು ಸುಮಾರು 28 ಆಗುತ್ತದೆ. ಅಷ್ಟಿದ್ದರೆ ಒಂದೊಂದು ಐಸಿ 4 ಓಮ್ ಸ್ಪೀಕರಿಗೆ 68 ವಾಟ್ ಕೊಡಬಲ್ಲದು. ಮನೆಗೆ ಧಾರಾಳ!

ಐಸಿಯ ಲೋಹದ ಬೆನ್ನಿನಲ್ಲಿ ಮೈನಸ್ ವೋಲ್ಟು ಇರುತ್ತೆ. ಹೀಟ್‌ಸಿಂಕಿಗೆ ಕೂರಿಸುವಾಗ ನಡುವೆ ಅಭ್ರಕದ ಹಾಳೆ ಮರೆಯಬೇಡಿ.

ಈಗ ಮುಖ್ಯ ಮಾತು. ಮೊದಲ ಸಲ ಕರೆಂಟು ಕೊಡುವಾಗ 100 ವಾಟಿನ ಹಳೇ ಕಾಲದ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಒಮ್ಮೆ ಮಿನುಗಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ, ಕೂಡಲೇ ಆರಿಸಿ. ಸ್ಪೀಕರ್ ಜೋಡಿಸುವ ಮುಂಚೆ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿಯಿರಿ. ಡಿಸಿ ಸೊನ್ನೆಯ ಹತ್ತಿರವಿರಬೇಕು, ಇಲ್ಲದಿದ್ದರೆ ಸ್ಪೀಕರ್ ಸುಟ್ಟೀತು. ಸ್ವಿಚ್ ಆರಿಸಿದರೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತೆ. ಒಳಗೆ ಕೈ ಹಾಕಬೇಡಿ. ಲೋಹದ ಪೆಟ್ಟಿಗೆಗೆ ಅರ್ತ್ ಕೊಡಲೇಬೇಕು. ಮಕ್ಕಳು ಓಡಾಡುವ ಮನೆ ಅಲ್ಲವೇ?

ಇನ್ನು ಬೆಳಗಿನ ಸುಪ್ರಭಾತ ಅಡುಗೆಮನೆಗೂ ಚೆನ್ನಾಗಿ ಕೇಳಿಸೀತು. ಪಕ್ಕದ ಮನೆಗೆ ಮಾತ್ರ ಕೇಳಿಸದಂತೆ ನೋಡಿಕೊಳ್ಳಿ!