ಒಂದೇ ಸೇರಿನಲ್ಲಿ ಅಳೆಯೋಣ

ನಮ್ಮ ಹಿರಿಯರ ಕಾಲದಲ್ಲಿ ಊರಿನ ಮನೆಗಳಲ್ಲಿ ಅಕ್ಕಿ ಅಳೆಯಲು ಸೇರು ಇರುತ್ತಿತ್ತು. ನೆರೆಮನೆಯವರು ಕಡ ಕೇಳಿದರೆ ಅದರಲ್ಲಿಯೇ ಅಳೆದು ಕೊಡುವರು. ಅವರು ಹಿಂದಿರುಗಿಸಿದಾಗ ಅದರಲ್ಲಿಯೇ ಅಳೆದು ತೆಗೆದುಕೊಳ್ಳುವರು. ಕೊಡುವುದಕ್ಕೆ ಒಂದು ಸೇರು, ಕೊಳ್ಳುವುದಕ್ಕೆ ಇನ್ನೊಂದು ಸೇರು ಇಟ್ಟುಕೊಂಡ ಮನೆಗೆ ಊರಿನಲ್ಲಿ ಮರ್ಯಾದೆ ಇರುತ್ತಿರಲಿಲ್ಲ. ಮುಂಬಯಿಗೆ ಬಂದ ಮೇಲೆ ನಮ್ಮ ಅಡಿಗೆಮನೆಯಿಂದ ಸೇರು ಹೋಯಿತು, ಕಿಲೋ ಬಂದಿತು. ಆದರೆ ಎರಡು ಸೇರಿನ ಚಾಳಿ ನಮ್ಮ ನಾಲಿಗೆಯಲ್ಲಿ ಉಳಿದುಕೊಂಡಿದೆಯೆಂಬುದನ್ನು ನಮಗೆ ತೋರಿಸಿಕೊಟ್ಟವನು ನಮ್ಮ ಒಂಬತ್ತು ವರ್ಷದ ಮಗ.

2025ರ ಫೆಬ್ರವರಿ ತಿಂಗಳ ಮಾತು. ಬೆಳಗಾವಿಯ ಸಮೀಪ ಕರ್ನಾಟಕದ ಬಸ್ಸಿನ ಕಂಡಕ್ಟರರೊಬ್ಬರಿಗೆ, ಮರಾಠಿ ಬರುವುದಿಲ್ಲ ಎಂದು ಹೇಳಿದ್ದಕ್ಕಾಗಿ ಹೊಡೆದರೆಂಬ ಸುದ್ದಿ ಟೀವಿಯಲ್ಲಿ ಬಂದಿತು. ನಮಗೆ ಮೈಯುರಿಯಿತು. ಊಟಕ್ಕೆ ಕುಳಿತಿದ್ದರೂ ಸುಮ್ಮನಿರಲಾಗಲಿಲ್ಲ. “ಅವರ ಬುದ್ಧಿಯೇ ಅಷ್ಟು” ಎಂದುಬಿಟ್ಟೆವು. ಮಗ ತುತ್ತು ನಿಲ್ಲಿಸಿ ಕೇಳಿದ: “ಅವರು ಅಂದರೆ ಯಾರಪ್ಪಾ? ಕೆಳಗಿನ ಮನೆಯ ಆಜಿಯೂ ಸೇರಿ?”

ಕೆಳಗಿನ ಮನೆಯ ಆಜಿ ಮರಾಠಿಯವರು. ನಾವಿಬ್ಬರೂ ಕೆಲಸಕ್ಕೆ ಹೋದ ದಿನಗಳಲ್ಲಿ ಶಾಲೆಯಿಂದ ಬಂದ ಹುಡುಗನಿಗೆ ಚಹಾ ಚಪಾತಿ ಕೊಟ್ಟು, ನಾವು ಬರುವವರೆಗೆ ಕೂಡಿಸಿಕೊಳ್ಳುವವರು. “ಅವರಲ್ಲ, ಬೇರೆಯವರು” ಎಂದು ಗೊಣಗಿ ಅಂದಿನ ಮಟ್ಟಿಗೆ ಪಾರಾದೆವು.

ಮರುದಿನ ಇನ್ನೊಂದು ಸುದ್ದಿ. ಬೆಂಗಳೂರಿನಿಂದ ಮುಂಬಯಿಗೆ ಬರುತ್ತಿದ್ದ ಮಹಾರಾಷ್ಟ್ರ ಸಾರಿಗೆಯ ಬಸ್ಸನ್ನು ಚಿತ್ರದುರ್ಗದಲ್ಲಿ ತಡೆದು ಡ್ರೈವರನ ಮುಖಕ್ಕೆ ಮಸಿ ಬಳಿದಿದ್ದರು. ನಮ್ಮ ಕೈ ತಾನಾಗಿಯೇ ರಿಮೋಟಿನ ಕಡೆಗೆ ಹೋಯಿತು, ಚಾನೆಲ್ ಬದಲಾಯಿತು. “ನಿನ್ನೆಯದನ್ನು ಮೂರು ಸಲ ನೋಡಿದಿರಿ, ಇದನ್ನು ಯಾಕೆ ತೆಗೆದಿರಿ?” ಎಂದು ಹುಡುಗ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಒಬ್ಬ ಟಿಕೇಟು ಕೊಡುತ್ತಿದ್ದ, ಇನ್ನೊಬ್ಬ ಬಸ್ಸು ನಡೆಸುತ್ತಿದ್ದ. ಇಬ್ಬರೂ ಹೊಟ್ಟೆಪಾಡಿಗೆ ದುಡಿಯುವವರು. ಇಬ್ಬರಿಗೂ ಆದದ್ದು ಅನ್ಯಾಯ. ಒಬ್ಬನಿಗಾಗಿ ನಾವು ಊಟ ಬಿಟ್ಟು ಕೂಗಾಡಿದೆವು, ಇನ್ನೊಬ್ಬನ ಮುಖ ಕಾಣದಂತೆ ಮಾಡಿದೆವು.

ಮಕ್ಕಳಿಗೆ ನೀತಿ ಕಲಿಸಬೇಕು ಎಂಬ ಮಾತನ್ನು ನಮ್ಮ ಸಂಘದ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಸುಳ್ಳು ಹೇಳಬೇಡ, ಕದಿಯಬೇಡ, ಹಿರಿಯರಿಗೆ ನಮಸ್ಕರಿಸು ಎಂಬವನ್ನು ನಾವೆಲ್ಲರೂ ಕಲಿಸುತ್ತೇವೆ. ಆದರೆ ರಾಜಕಾರಣದ ಮಾತು ಬಂದೊಡನೆ ಆ ಪಾಠಗಳನ್ನು ಚಪ್ಪಲಿಯ ಜತೆಗೆ ಹೊರಗೆ ಬಿಟ್ಟು ಬರುತ್ತೇವೆ. ನಮ್ಮವರು ಮಾಡಿದರೆ ಅಭಿಮಾನ, ಎದುರಿನವರು ಮಾಡಿದರೆ ಗೂಂಡಾಗಿರಿ ಎಂದು ಆಡುತ್ತೇವೆ. ಮಗು ಕಲಿಯುವುದು ನಾವು ಕೂಡಿಸಿ ಹೇಳಿದ ಪಾಠಕ್ಕಿಂತ ಹೆಚ್ಚಾಗಿ ಹೀಗೆ ಆಡಿದ ಮಾತನ್ನೇ.

ಭಾಷೆಯ ವಿಷಯವನ್ನೇ ನೋಡಿರಿ. ಮಹಾರಾಷ್ಟ್ರ ಸರಕಾರವು 2020ರಲ್ಲಿ ಕಾನೂನು ಮಾಡಿ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿತು. ನಮ್ಮ ಮಕ್ಕಳಿಗೆ ಇದೊಂದು ಹೊರೆಯಾಯಿತೆಂದು ಗೊಣಗಿದ ತಾಯಿತಂದೆಗಳಲ್ಲಿ ನಾವೂ ಇದ್ದೆವು. ಆದರೆ ಕರ್ನಾಟಕವು ಕನ್ನಡದ ಕಲಿಕೆಗಾಗಿ ಅಂತಹದೇ ಕಾನೂನನ್ನು 2015ರಲ್ಲಿಯೇ ಮಾಡಿದಾಗ ಸಂತೋಷಪಟ್ಟವರೂ ನಾವೇ. ಬೆಂಗಳೂರಿನಲ್ಲಿ ನೆಲೆಸಿದವರು ಕನ್ನಡ ಕಲಿಯಬಾರದೆ ಎಂದು ಕೇಳುವ ಬಾಯಿ, ಮುಂಬಯಿಯಲ್ಲಿ ನೆಲೆಸಿದವರು ಮರಾಠಿ ಕಲಿಯಬಾರದೆ ಎಂದಾಗ ಬಿಗಿದುಕೊಳ್ಳುವುದೇಕೆ? ಹಾಗೆಯೇ, 2025ರಲ್ಲಿ ನಮ್ಮ ಉಪನಗರದಾಚೆಯ ಮೀರಾರೋಡಿನಲ್ಲಿ ಮರಾಠಿಯ ಕಾರಣಕ್ಕಾಗಿ ಅಂಗಡಿಕಾರನೊಬ್ಬನಿಗೆ ಹೊಡೆದದ್ದು ತಪ್ಪಾದರೆ, 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಅಂಗಡಿಗಳ ಇಂಗ್ಲಿಷ್ ಫಲಕಗಳನ್ನು ಒಡೆದದ್ದೂ ತಪ್ಪೇ. ಭಾಷೆಯನ್ನು ಕಲಿಯಿರಿ ಎನ್ನುವುದು ನ್ಯಾಯ, ಕೈಯೆತ್ತುವುದು ಅನ್ಯಾಯ. ಎರಡೂ ಊರಿಗೆ ಈ ಮಾತು ಒಂದೇ.

ಹಾಗೆಂದು ನಮ್ಮ ಪಕ್ಷವನ್ನು ಬಿಟ್ಟುಕೊಡಬೇಕೆಂದು ಇದರ ಅರ್ಥವಲ್ಲ. ಬೆಳಗಾವಿ ಕರ್ನಾಟಕದ್ದೆಂದು ನಾವು ನಂಬುತ್ತೇವೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರ ವರದಿಯಲ್ಲಿ ಅದು ಅಂದಿನ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದು ಹೇಳಿತೆಂಬುದನ್ನು ಮಗನಿಗೆ ತಿಳಿಸಿದ್ದೇವೆ. ಮಹಾರಾಷ್ಟ್ರವು ಆ ವರದಿಯನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು ಎಂಬುದನ್ನೂ ಹೇಳಿದ್ದೇವೆ. ಎದುರಿನವರ ವಾದವನ್ನು ಅವರು ಒಪ್ಪುವಂತೆ ಹೇಳಿ ತೋರಿಸಬಲ್ಲ ಮಗು ತನ್ನ ವಾದವನ್ನೂ ಗಟ್ಟಿಯಾಗಿ ಹಿಡಿಯಬಲ್ಲುದು.

ಇದಕ್ಕೆ ನಮ್ಮಲ್ಲಿಯೇ ದೊಡ್ಡ ನಿದರ್ಶನವಿದೆ. ಕರ್ನಾಟಕದ ಏಕೀಕರಣಕ್ಕಾಗಿ ಬಾಳನ್ನು ಸವೆಸಿದ ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಲೋಕಮಾನ್ಯ ತಿಲಕರು ಮರಾಠಿಯಲ್ಲಿ ಬರೆದ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಅವರೇ. ಮರಾಠಿಯ ಪ್ರಭಾವದಿಂದ ಕನ್ನಡವನ್ನು ಎತ್ತಿ ನಿಲ್ಲಿಸಲು ಹೆಣಗಿದವರು ಮರಾಠಿಯ ಒಳ್ಳೆಯದನ್ನು ಕಣ್ಣಿಗೊತ್ತಿಕೊಂಡು ಕನ್ನಡಿಗರ ಕೈಗಿತ್ತರು. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡದ ವರಕವಿಯಾದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲವೆ?

ಆಚೆಯ ಕಡೆಗೂ ಅಂತಹ ಮಹನೀಯರಿದ್ದರು. ‘ಶ್ಯಾಮಚೀ ಆಯಿ’ ಬರೆದ ಸಾನೆ ಗುರೂಜಿಯವರನ್ನು ಮಹಾರಾಷ್ಟ್ರದ ಮನೆಮನೆಯೂ ಬಲ್ಲುದು. ಬಡ ತಾಯಿಯೊಬ್ಬಳು ದಿನದಿನದ ಕೆಲಸಗಳ ನಡುವೆಯೇ ಮಗನಿಗೆ ನಡತೆ ಕಲಿಸಿದ ಕಥೆ ಅದು. ಪಂಢರಪುರದ ವಿಠೋಬನ ಗುಡಿಯ ಬಾಗಿಲು ದಲಿತರಿಗೆ ತೆರೆಯಬೇಕೆಂದು 1947ರಲ್ಲಿ ಉಪವಾಸ ಕುಳಿತ ಈ ಗುರೂಜಿ, ಸ್ವಂತ ಜನರ ತಪ್ಪನ್ನು ಸ್ವಂತ ಜನರಿಗೇ ಹೇಳಿದವರು. ಒಂದು ಪ್ರಾಂತದವರು ಇನ್ನೊಂದು ಪ್ರಾಂತದ ಭಾಷೆ ಕಲಿತು ಒಬ್ಬರನ್ನೊಬ್ಬರು ಅರಿಯಬೇಕೆಂದು ‘ಆಂತರಭಾರತಿ’ಯ ಕನಸು ಕಂಡವರೂ ಅವರೇ. ಅವರ ಪುಸ್ತಕವನ್ನು 1953ರಲ್ಲಿ ಚಿತ್ರವಾಗಿಸಿದವರು ಆಚಾರ್ಯ ಅತ್ರೆ. ಮುಂದೆ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಗಡಿಯ ಊರುಗಳಿಗಾಗಿ ನಮ್ಮೆದುರು ಗುಡುಗಿದವರೂ ಇದೇ ಅತ್ರೆ. ಗಡಿಯ ವಿಷಯದಲ್ಲಿ ಅವರನ್ನು ಒಪ್ಪದೆಯೂ ಆ ಚಿತ್ರವನ್ನು ಮಕ್ಕಳಿಗೆ ತೋರಿಸಬಹುದು, ನಾವು ತೋರಿಸಿದೆವು.

ಕಷ್ಟದ ಕಾಲವನ್ನು ಮಕ್ಕಳಿಂದ ಮುಚ್ಚಿಡುವುದೂ ಸರಿಯಲ್ಲ. 1966ರ ಜೂನಿನಲ್ಲಿ ಶಿವಸೇನೆ ಹುಟ್ಟಿದ ಮೇಲೆ ಈ ನಗರದ ದಕ್ಷಿಣ ಭಾರತೀಯರು ಕೆಲವು ವರ್ಷ ಅಂಜಿಕೊಂಡು ಬದುಕಿದರು. 1969ರ ಫೆಬ್ರವರಿಯಲ್ಲಿ ಗಡಿಯ ಹೆಸರಿನಲ್ಲಿ ನಡೆದ ಗಲಭೆಯಲ್ಲಿ ಪ್ರಾಣಹಾನಿಯಾಯಿತು. ನಾವು ಬಲ್ಲ ಹಿರಿಯರೊಬ್ಬರು ಆಗ ಉಡುಪಿ ಹೋಟೆಲೊಂದರಲ್ಲಿ ಹಗಲು ಕಪ್ಪು ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದುತ್ತಿದ್ದ ಹುಡುಗ. ಹೋಟೆಲಿನ ಗಾಜುಗಳನ್ನು ಗುಂಪು ಪುಡಿ ಮಾಡಿದ ಕಥೆಯನ್ನು ಅವರು ಪ್ರತಿ ಸಮಾರಂಭದಲ್ಲಿಯೂ ಹೇಳುತ್ತಾರೆ. ಈ ಸಲ ನಮ್ಮ ಮಗ, “ಆಮೇಲೆ ನೀವು ಎಲ್ಲಿ ಮಲಗಿದಿರಿ ಅಜ್ಜಾ?” ಎಂದು ಕೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದಿನ ಚಾಳಿನಲ್ಲಿದ್ದ ಮರಾಠಿ ಗಿರಣಿ ಕೆಲಸಗಾರನೊಬ್ಬ ನಾಲ್ವರು ಹುಡುಗರನ್ನು ತನ್ನ ಒಂದೇ ಕೋಣೆಯೊಳಗೆ ಕರೆದುಕೊಂಡನಂತೆ. ಎರಡು ರಾತ್ರಿ ಅವನ ಹೆಂಡತಿ ಭಾಕರಿ ಸುಟ್ಟು ಹಾಕಿದಳಂತೆ. ಅವನು ತಾನು ಹೊಸ್ತಿಲಲ್ಲಿ ಮಲಗಿದನಂತೆ. ಇಷ್ಟು ವರ್ಷ ಈ ಅರ್ಧವನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಗಾಜು ಒಡೆದದ್ದೂ ನಿಜ, ಭಾಕರಿಯೂ ನಿಜ. ಮಕ್ಕಳಿಗೆ ಎರಡೂ ಸಲ್ಲಬೇಕು.

ಈ ಪಾಠಕ್ಕೆ ಬೆಲೆ ತೆರಬೇಕಾಗುತ್ತದೆಂಬುದನ್ನೂ ಹೇಳಬೇಕು. ಆ ದಿನಗಳಲ್ಲಿಯೇ ನಮ್ಮ ನೆಂಟರ ವಾಟ್ಸಾಪ್ ಬಳಗಕ್ಕೆ ಗಡಿಯ ಹೊಡೆದಾಟದ ದೃಶ್ಯವೊಂದನ್ನು ನಾವು ಕಳುಹಿಸಿದೆವು. ಅದು ಹಳೆಯ ವರ್ಷದ್ದು, ಬೇರೆ ಊರಿನದೆಂದು ಆಮೇಲೆ ತಿಳಿಯಿತು. ಸದ್ದಿಲ್ಲದೆ ಅಳಿಸಿದೆವು. “ಅಳಿಸಿದರೆ, ಮೊದಲೇ ನೋಡಿದವರಿಗೆ ಹೇಗೆ ತಿಳಿಯುತ್ತದೆ?” ಎಂದ ಮಗ. ಮನಸ್ಸಿಲ್ಲದ ಮನಸ್ಸಿನಿಂದ, ‘ನಿನ್ನೆ ಕಳುಹಿಸಿದ್ದು ಸುಳ್ಳು, ನಮ್ಮಿಂದ ತಪ್ಪಾಯಿತು’ ಎಂದು ಅಲ್ಲಿಯೇ ಬರೆದೆವು. ಇಬ್ಬರು ಮೆಚ್ಚಿದರು. ನಮ್ಮ ಚಿಕ್ಕಪ್ಪನವರು ಮಾತ್ರ, “ನೀನು ಯಾರ ಕಡೆಯವನು?” ಎಂದು ಕೇಳಿ, ಎರಡು ತಿಂಗಳು ಮಾತು ಬಿಟ್ಟರು.

ನಾವು ಚಿಕ್ಕಪ್ಪನವರ ಕಡೆಯವರೇ. ಅದನ್ನು ತಿಳಿಸಲು ಯುಗಾದಿಯ ದಿನ ಹೋಳಿಗೆ ಕಟ್ಟಿಕೊಂಡು ಮಗನನ್ನು ಕರೆದುಕೊಂಡು ಅವರ ಮನೆಗೆ ಹೋದೆವು. ಅಲ್ಲಿ ಮತ್ತೆ ವಾದವಾಯಿತು, ಊಟವೂ ಆಯಿತು. ಅಭಿಪ್ರಾಯ ಬೇರೆಯಾದರೂ ಎಲೆಯ ಮುಂದಿನಿಂದ ಏಳಬಾರದೆಂಬುದನ್ನು ಹುಡುಗ ನೋಡಲಿ ಎಂಬುದೇ ನಮ್ಮ ಆಸೆಯಾಗಿತ್ತು. ಶಿವಸೇನೆ 2022ರಲ್ಲಿ, ರಾಷ್ಟ್ರವಾದಿ ಕಾಂಗ್ರೆಸ್ 2023ರಲ್ಲಿ ಒಡೆದ ಈ ರಾಜ್ಯದಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಬಾವುಟದ ಕೆಳಗೆ ನಿಂತ ಮನೆಗಳು ಎಷ್ಟೋ ಇವೆ. ಆ ಮನೆಗಳ ಮಕ್ಕಳೂ ನೋಡುತ್ತಿದ್ದಾರೆ.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಇಡೀ ಒಂದು ಜನವನ್ನು ‘ಅವರು’ ಎಂದು ಬೈಯುವ ಮೊದಲು ಅವರಲ್ಲಿ ಒಬ್ಬರ ಮುಖವನ್ನು ನೆನೆಯೋಣ. ಎದುರಿನವರ ತಪ್ಪು ಹೇಳಿದ ದಿನವೇ ನಮ್ಮವರ ತಪ್ಪನ್ನೂ ಹೇಳೋಣ. ತಪ್ಪಿದಾಗ ಮಕ್ಕಳೆದುರಿನಲ್ಲಿಯೇ ತಿದ್ದಿಕೊಳ್ಳೋಣ. ನಮ್ಮ ಮನೆಯಲ್ಲಿ ಇದು ಇನ್ನೂ ರೂಢಿಯಾಗಿಲ್ಲ. ಮೊನ್ನೆಯೂ ಸುದ್ದಿ ನೋಡುತ್ತ ನಾಲಿಗೆ ಜಾರಿತು. ಹುಡುಗ ಏನೂ ಅನ್ನದೆ ಕೆಳಗಿನ ಮನೆಯ ಕಡೆಗೆ ಬೆರಳು ತೋರಿಸಿದ. ನಾವು ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು.