ನಿಗಾ ಘಟಕದ ಬಾಗಿಲಲ್ಲಿ

ಬೆಳ್ಳಾರೆಯ ಕಡೆಯ ರೋಗಿಯೊಬ್ಬನನ್ನು ಸುಳ್ಯಕ್ಕೋ ಪುತ್ತೂರಿಗೋ ಮಂಗಳೂರಿಗೋ ಒಯ್ದು ತೀವ್ರ ನಿಗಾ ಘಟಕದಲ್ಲಿ ಮಲಗಿಸಿದರೆಂದರೆ, ಅವನ ಹಿಂದೆಯೇ ಮನೆಯವರೂ ನೆಂಟರೂ ನೆರೆಕರೆಯವರೂ ಹೊರಡುವದು ನಮ್ಮ ಸೀಮೆಯ ವಾಡಿಕೆ. ಬಾಗಿಲಲ್ಲಿ ದಾದಿಯು ತಡೆದು, "ಒಬ್ಬರು ಮಾತ್ರ ಬನ್ನಿ, ಅದೂ ಕೈ ತೊಳೆದು" ಎಂದಾಗ ಅನೇಕರ ಮನಸ್ಸು ನೋಯುವದುಂಟು. ನಾವೂ ಒಮ್ಮೆ ಹಾಗೆ ನೊಂದುಕೊಂಡವರೇ. ಆ ತಡೆಯ ಅರ್ಥವನ್ನು ತಿಳಿದ ಮೇಲೆ ನಮ್ಮ ಅಸಮಾಧಾನವು ತೊಲಗಿತು.

ಶರೀರಕ್ಕೆ ಚರ್ಮವೇ ಕೋಟೆ. ನಿಗಾ ಘಟಕದ ರೋಗಿಗಾದರೋ ಶ್ವಾಸಕ್ಕೊಂದು, ರಕ್ತನಾಳಕ್ಕೊಂದು, ಮೂತ್ರಕ್ಕೊಂದು ನಳಿಗೆ. ನಳಿಗೆಯು ಹೊಕ್ಕಲ್ಲೆಲ್ಲ ಕೋಟೆಗೆ ಕಂಡಿ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್ ಮೊದಲಾದ ಸೂಕ್ಷ್ಮಜೀವಿಗಳು ಅಲ್ಲಿಂದಲೇ ಒಳನುಗ್ಗುತ್ತವೆ. ಇವುಗಳಲ್ಲಿ ಹಲವು ಪ್ರಬಲವಾದ ಔಷಧಗಳಿಗೂ ಜಗ್ಗವು. ಅಸಿನೆಟೊಬ್ಯಾಕ್ಟರಂತೂ ಒಣಗಿದ ಮಂಚದ ಸರಳಿನ ಮೇಲೂ ವಾರಗಟ್ಟಲೆ ಜೀವಿಸಿರಬಲ್ಲದು.

ಒಂದೇ ಬಗೆಯ ಸೋಂಕು ಕೆಲವು ದಿನಗಳಲ್ಲಿ ಹಲವರಿಗೆ ತಗಲಿದರೆ ವೈದ್ಯರು ಪತ್ತೇದಾರರಾಗಬೇಕಾಗುತ್ತದೆ. ಯಾರಿಗೆ, ಎಂದು, ಯಾವ ಹಾಸಿಗೆಯಲ್ಲಿ ಸೋಂಕಾಯಿತು, ಅವರೆಲ್ಲರಿಗೂ ಸಮಾನವಾದ ನೀರು, ಉಪಕರಣ, ಔಷಧ ಯಾವದು ಎಂದು ಪಟ್ಟಿ ಮಾಡಿ, ಅನುಮಾನದ ವಸ್ತುಗಳನ್ನು ಪ್ರಯೋಗಶಾಲೆಗೆ ಕಳುಹುತ್ತಾರೆ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪೊರೆಯ ಶಸ್ತ್ರಕ್ರಿಯೆಯಾದವರ ಪೈಕಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿ, ಕೆಲವರ ದೃಷ್ಟಿಯೇ ಹೋಯಿತು. ಅದು ನಿಗಾ ಘಟಕದ ಸಂಗತಿಯಲ್ಲವಾದರೂ ಶೋಧನೆಯ ದಾರಿ ಒಂದೇ. ಕಣ್ಣಿನೊಳಗೆ ಬಳಸಿದ ಅಂಟುದ್ರವದಲ್ಲಿಯೇ ಸ್ಯೂಡೊಮೊನಾಸ್ ಇದ್ದುದು ಪರೀಕ್ಷೆಯಿಂದ ಹೊರಬಿದ್ದಿತು.

ಮೂಲವು ಸಿಕ್ಕುವ ತನಕ ಕಾಯುವಂತಿಲ್ಲ. ಸೋಂಕಿದವರನ್ನು ಬೇರೆಯಿರಿಸುವದು, ರೋಗಿಯಿಂದ ರೋಗಿಗೆ ಹೋಗುವಾಗ ಪ್ರತಿಸಲವೂ ಕೈಶುದ್ಧಿ, ಬೇಡವಾದ ನಳಿಗೆಯನ್ನು ಕೂಡಲೇ ತೆಗೆಯುವದು, ಇವೇ ಉಪಾಯಗಳು. ಇವು ಅಲ್ಪವೆಂದು ಯಾರೂ ಭಾವಿಸಬಾರದು. ಅಮೇರಿಕದ ಮಿಶಿಗನ್ ಸಂಸ್ಥಾನದ ನೂರಕ್ಕೂ ಮಿಕ್ಕ ನಿಗಾ ಘಟಕಗಳು 2004ರಿಂದ ಇಂಥ ಐದೇ ನಿಯಮಗಳನ್ನು ಪಾಲಿಸಲು, ರಕ್ತನಾಳದ ನಳಿಗೆಯಿಂದಾಗುವ ಸೋಂಕು ಒಂದೂವರೆ ವರ್ಷದೊಳಗೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು.

ಇನ್ನು ಗೃಹಸ್ಥರು ಮಾಡತಕ್ಕದ್ದೇನು? ಸಾಬೂನು ನೀರಿನಿಂದ 40ರಿಂದ 60 ಸೆಕೆಂಡು, ಇಲ್ಲವೆ ಬಾಗಿಲಲ್ಲಿಟ್ಟ ಮದ್ಯಸಾರದ ದ್ರವದಿಂದ 20ರಿಂದ 30 ಸೆಕೆಂಡು, ಬೆರಳಸಂದಿಗಳೂ ಸೇರುವಂತೆ ಕೈಯುಜ್ಜಬೇಕು, ಹೊರಬರುವಾಗಲೂ ಹಾಗೆಯೇ. ಕೆಮ್ಮು, ಜ್ವರ, ಭೇದಿಯುಳ್ಳವರು ಒಳಗೆ ಹೋಗಲೇ ಬಾರದು. ಹಾಸಿಗೆಯ ಮೇಲೆ ಕುಳಿತುಕೊಳ್ಳುವದೂ, ನಳಿಗೆಗಳನ್ನು ಮುಟ್ಟುವದೂ, ಪಕ್ಕದ ರೋಗಿಯನ್ನು ಸಂತೈಸಲು ಹೋಗುವದೂ ಸಲ್ಲದು. ದಾದಿಯೇ ಕೈ ತೊಳೆಯಲು ಮರೆತರೆ ವಿನಯದಿಂದ ನೆನಪಿಸಲು ಸಂಕೋಚವೇಕೆ?

ಹೊರಗಿನಿಂದ ಬಂದವನು ಕಾಲು ತೊಳೆದೇ ಜಗಲಿಯೇರಬೇಕೆಂದು ನಮ್ಮ ಮನೆಗಳ ಹಿರಿಯರು ಕಲಿಸಿದರು. ನಿಗಾ ಘಟಕದ ಹೊಸ್ತಿಲಿಗೂ ಅದೇ ಮರ್ಯಾದೆಯನ್ನು ಸಲ್ಲಿಸೋಣ. ಒಳಗೆ ಮಲಗಿದವರು ನಮ್ಮವರೇ ಅಲ್ಲವೆ?